ಡೆಪ್ಯುಟಿ ಬಂಕಿಮರು

ಕಾಲೇಜು ಸ್ಟ್ರೀಟಿನ ಹಳೆಯ ಪುಸ್ತಕದಂಗಡಿಗಳಿಗೆ ಹೋದಾಗಲೆಲ್ಲ ನಾವು ಮೆಡಿಕಲ್ ಕಾಲೇಜಿನ ಬಳಿಯ ಪ್ರತಾಪ ಚಟರ್ಜಿ ಗಲ್ಲಿಯತ್ತಲೂ ಒಮ್ಮೆ ಹೋಗಿಬರುವುದುಂಟು. ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಕೊನೆಯ ವರ್ಷಗಳನ್ನು ಕಳೆದದ್ದು ಅಲ್ಲಿ. 'ವಂದೇ ಮಾತರಂ' ಬರೆದ ಬಂಕಿಮರನ್ನು ಬಲ್ಲದ ಕನ್ನಡಿಗರಿಲ್ಲ. ವರ್ಗಾವಣೆಯ ಆದೇಶ ಹಿಡಿದು ಈ ಊರಿಗೆ ಬಂದಿಳಿದ ನಮ್ಮಂಥ ಸರ್ಕಾರಿ ನೌಕರರನ್ನು ಕಾಡುವವರು ಮಾತ್ರ ಇನ್ನೊಬ್ಬ ಬಂಕಿಮರು: ಮೂವತ್ತಮೂರು ವರ್ಷ ಕಡತ ನೋಡಿದ ಡೆಪ್ಯುಟಿ ಮ್ಯಾಜಿಸ್ಟ್ರೇಟರು.

ಮಿಂಗ್ ಅರಸರ ಚೀನಾದಲ್ಲಿ ಪ್ರಾಚೀನ ಗ್ರಂಥಗಳನ್ನು ಕುರಿತು ಪ್ರಬಂಧ ಬರೆದು ಪರೀಕ್ಷೆ ಗೆದ್ದ ಪಂಡಿತನಿಗೆ ರಾಜ್ಯದ ಉನ್ನತ ಪದವಿಗಳೂ ದೊರೆಯುತ್ತಿದ್ದವು. ಬಂಕಿಮರಿಗೆ ಪರೀಕ್ಷೆ ತೆರೆದ ಬಾಗಿಲು ಕಿರಿದು. 1858ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಮೊದಲ ಬಿ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಅವರು ಮತ್ತು ಯದುನಾಥ ಬೋಸ್ ಇಬ್ಬರೇ; ಅದೂ ಕೃಪಾಂಕದಿಂದ! ಅದೇ ವರ್ಷ ಜೆಸ್ಸೋರಿನಲ್ಲಿ ನೌಕರಿ ಸಿಕ್ಕಿತು. ಆದರೆ ಅದು ಅಧೀನ ಸೇವೆ. ಜಿಲ್ಲೆಯ ಮುಖ್ಯಸ್ಥನ ಕುರ್ಚಿ ಸಿವಿಲ್ ಸರ್ವೀಸಿನ ಇಂಗ್ಲಿಷರದು.

ಅಲ್ಲಿಂದ ಊರೂರು ಅಲೆದಾಟ. ಮೇದಿನಿಪುರ ಜಿಲ್ಲೆಯ ಕಡಲಂಚಿನ ನೇಗುಯಾದಲ್ಲಿದ್ದಾಗ ಕಂಡದ್ದು ಮುಂದೆ 'ಕಪಾಲಕುಂಡಲಾ' ಆಯಿತು. ಖುಲ್ನಾದಲ್ಲಿ ಯುರೋಪಿಯನ್ ಜಮೀನುದಾರರ ದೌರ್ಜನ್ಯದ ತನಿಖೆಗೆ ಅವರು ಹಿಂಜರಿಯಲಿಲ್ಲ. ಬಹರಂಪುರದಲ್ಲಿದ್ದಾಗ, 1872ರಲ್ಲಿ, 'ಬಂಗದರ್ಶನ' ಪತ್ರಿಕೆಯನ್ನು ಆರಂಭಿಸಿದರು. ಹಗಲು ಕಚೇರಿ, ಉಳಿದ ಹೊತ್ತು ಸಂಪಾದಕತ್ವ. ಮರುವರ್ಷದ ಕೊನೆಯಲ್ಲಿ, ಪಲ್ಲಕ್ಕಿಯಲ್ಲಿ ಕ್ರಿಕೆಟ್ ಮೈದಾನ ದಾಟುತ್ತಿದ್ದ ಈ ಡೆಪ್ಯುಟಿಯ ಮೇಲೆ ಕರ್ನಲ್ ಡಫಿನ್ ಎಂಬ ಸೇನಾಧಿಕಾರಿ ಕೈಮಾಡಿದ. ಬಂಕಿಮರು ಮೊಕದ್ದಮೆ ಹೂಡಿದರು. 1874ರ ಜನವರಿಯಲ್ಲಿ ಡಫಿನ್ ತುಂಬಿದ ನ್ಯಾಯಾಲಯದಲ್ಲಿ ಕ್ಷಮೆ ಕೇಳಬೇಕಾಯಿತು. ಅಧೀನ ಸೇವೆಯ ಭಾರತೀಯನೊಬ್ಬ ಹಾಗೆ ನ್ಯಾಯಾಲಯದ ಮೆಟ್ಟಿಲೇರುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ನಮ್ಮನ್ನು ಹೆಚ್ಚು ಕಲಕುವುದು ಇದಕ್ಕಿಂತ ಸದ್ದಿಲ್ಲದ ಇನ್ನೊಂದು ಪ್ರಸಂಗ. 1881ರಲ್ಲಿ ಬಂಗಾಳ ಸಚಿವಾಲಯದಲ್ಲಿ ಅವರಿಗೆ ಸಹಾಯಕ ಕಾರ್ಯದರ್ಶಿಯ ಹುದ್ದೆ ದೊರೆಯಿತು. ಕೆಲವೇ ತಿಂಗಳಲ್ಲಿ ಆ ಹುದ್ದೆಯನ್ನೇ ರದ್ದುಮಾಡಲಾಯಿತು. ಮನುಷ್ಯನನ್ನು ತೆಗೆಯಲು ಹುದ್ದೆಯನ್ನು ತೆಗೆಯುವ ವಿದ್ಯೆ ನಮ್ಮ ಕಾಲದ ಆವಿಷ್ಕಾರವೇನಲ್ಲ! ಬಂಕಿಮರು ಮತ್ತೆ ಡೆಪ್ಯುಟಿಯಾಗಿ ಒಡಿಶಾದ ಜಾಜಪುರಕ್ಕೆ ಹೋದರು. 'ಆನಂದಮಠ' ಪುಸ್ತಕವಾದದ್ದೂ ಅದೇ 1882ರಲ್ಲಿ. ಅಂಥ ಕಾದಂಬರಿ ಬರೆದವರು ರಾಜೀನಾಮೆ ಕೊಡಲಿಲ್ಲವೇಕೆ ಎಂದು ಕೇಳುವುದು ಸುಲಭ. ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವ ನಾವಂತೂ ಆ ಪ್ರಶ್ನೆಯನ್ನು ಕೇಳಲಾರೆವು. 1891ರಲ್ಲಿ ನಿವೃತ್ತರಾದ ಅವರಿಗೆ ದಕ್ಕಿದ ಬಿಡುವು ಮೂರು ವರ್ಷವೂ ಇಲ್ಲ. 1894ರ ಏಪ್ರಿಲ್ 8ರಂದು ತೀರಿಕೊಂಡರು.

ಅವರನ್ನು ಕನ್ನಡಕ್ಕೆ ತಂದವರೂ ಒಬ್ಬ ಸರ್ಕಾರಿ ಅಧಿಕಾರಿಯೇ. ಮೈಸೂರು ಸಂಸ್ಥಾನದಲ್ಲಿ ಮುನ್ಸೀಫರಾಗಿದ್ದ ಬಿ. ವೆಂಕಟಾಚಾರ್ಯರು ಸ್ವಂತ ಪರಿಶ್ರಮದಿಂದ ಬಂಗಾಳಿ ಕಲಿತು, ಮೊದಲು ಈಶ್ವರಚಂದ್ರ ವಿದ್ಯಾಸಾಗರರ 'ಭ್ರಾಂತಿವಿಲಾಸ'ವನ್ನು, ಬಳಿಕ ಬಂಕಿಮರ ಕಾದಂಬರಿಗಳನ್ನು ಒಂದೊಂದಾಗಿ ಅನುವಾದಿಸಿದರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದವರಲ್ಲಿ ಅವರು ಮೊದಲಿಗರು. ಇಲ್ಲಿ ಹಲವು ವರ್ಷ ನೆಲೆಸಿಯೂ ಮೀನಿನಂಗಡಿಯ ಚೌಕಾಸಿಗಷ್ಟೇ ಬಂಗಾಳಿ ಬಲ್ಲ ನಮಗೆ ಈ ಮುನ್ಸೀಫರನ್ನು ನೆನೆದರೆ ನಾಚಿಕೆಯಾಗುತ್ತದೆ. ಅವರ 'ದುರ್ಗೇಶನಂದಿನಿ' ಕನ್ನಡದಲ್ಲಿ ಅಚ್ಚಾದದ್ದು 1885ರಲ್ಲಿ. ಆಗ ಮೂಲ ಲೇಖಕರಿಗೆ ಇನ್ನೂ ಆರು ವರ್ಷದ ಸೇವೆ ಬಾಕಿಯಿತ್ತು.