ನಾಲೆಯ ಏರಿ ಮತ್ತು ಸೈಕಲ್ಲು



ಈಚಿನ ವರ್ಷಗಳಲ್ಲಿ ಪಟ್ಟಣದ ಜನ ಒಂದು ಹೊಸ ಹವ್ಯಾಸ ಹಿಡಿದಿದ್ದಾರೆ. ಡಾಂಬರು ರಸ್ತೆ ಬಿಟ್ಟು ಹೊಳೆಯ ದಂಡೆ, ನಾಲೆಯ ಏರಿ, ಹೊಲಗಳ ನಡುವಿನ ಗರಸು ಹಾದಿ ಹುಡುಕಿಕೊಂಡು ಸೈಕಲ್ ಹೊಡೆಯುವುದು. ಇದಕ್ಕೆ ಗ್ರಾವೆಲ್ ಬೈಕಿಂಗ್ ಅಂತ ಹೆಸರು. ಗ್ರಾವೆಲ್ ಅಂದರೆ ಬೇರೇನಲ್ಲ, ನಮ್ಮ ಗರಸೇ. ಅಮೆರಿಕದ ಕಾನ್ಸಾಸ್ ಸೀಮೆಯಲ್ಲಿ ಎಂಪೋರಿಯಾ ಅಂತ ಒಂದು ಊರಿದೆ. ಸುತ್ತ ದನ ಮೇಯುವ ಹುಲ್ಲುಗಾವಲು, ನಮ್ಮ ಬೀರೂರು, ಅಜ್ಜಂಪುರದ ಅಮೃತಮಹಲ್ ಕಾವಲುಗಳ ಹಾಗೆ. ಅಲ್ಲಿ 2006ರಿಂದ ಗರಸು ಹಾದಿಯಲ್ಲೇ 200 ಮೈಲಿ ಸೈಕಲ್ ಪಂದ್ಯ ನಡೆಸುತ್ತಾ ಬಂದಿದ್ದಾರೆ. ಇದಕ್ಕೆಂದೇ ತಯಾರಾದ ಸೈಕಲ್ಲಿನ ಬೆಲೆ ಕೇಳಿದರೆ, ಆ ಹಣಕ್ಕೆ ನಮ್ಮಲ್ಲಿ ಒಂದು ಒಳ್ಳೆ ಹಾಲಿನ ಹಸು ಬರ್ತದೆ.

ಇದನ್ನು ಕೇಳಿ ನೀವು ನಗಬಹುದು. ನಾಲೆ ಏರಿಯ ಮೇಲೆ ಸೈಕಲ್ ಹೊಡೆಯೋದು ಒಂದು ವಿದ್ಯೆಯೇ, ನಮ್ಮ ತಾತಂದಿರೇ ಮಾಡ್ತಿದ್ದರಲ್ಲ ಅಂತ ಕೇಳಬಹುದು. ಆ ಮಾತು ನಿಜ. ಆದರೆ ಆ ಏರಿಯ ಹಾದಿ ಯಾಕೆ ಹುಟ್ಟಿತು, ಸೈಕಲ್ಲಿಗೆ ಅದು ಅಷ್ಟು ಚೆನ್ನಾಗಿ ಯಾಕೆ ಹೊಂದಿತು ಅನ್ನೋ ಕಥೆಯನ್ನು ನಾವು ಕೂತು ಯೋಚಿಸಿದ್ದು ಕಡಿಮೆ. ಆ ಹಾದಿ ಇವತ್ತು ಹಾಳಾಗುತ್ತಿರುವುದರಿಂದ ನಷ್ಟವಾಗುವುದು ಸೈಕಲ್ಲಿನವರಿಗಿಂತ ಹೆಚ್ಚಾಗಿ ನೀರಿನವರಿಗೆ. ಆದ್ದರಿಂದ ಈ ಮಾತು ತೆಗೆದಿದ್ದೇನೆ.

ಮೊದಲು ಕೆರೆಯ ಕಾಲವನ್ನು ನೋಡಿ. ಬಾಬಾಬುಡನ್ ಬೆಟ್ಟದ ಕಡೆಯಿಂದ ವೇದಾ, ಆವತಿ ಅಂತ ಎರಡು ಹೊಳೆ ಇಳಿದು ಬರುತ್ತವೆ. ಒಂದು ಸಖರಾಯಪಟ್ಟಣದ ಅಯ್ಯನಕೆರೆಗೆ, ಇನ್ನೊಂದು ಮದಗದ ಕೆರೆಗೆ ನೀರು ಕೊಟ್ಟು, ಮುಂದೆ ಕೂಡಿಕೊಂಡು ವೇದಾವತಿಯಾಗಿ ಕಡೂರನ್ನು ಹಾದು ಹೋಗುತ್ತವೆ. ಈ ಕೆರೆಗಳ ಕೆಳಗೆ ನೀರು ಬಿಡುತ್ತಿದ್ದವನು ನೀರುಗಂಟಿ. ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಏರಿಯ ಮೇಲೆ ನಡೆದು ಹೋದರೆ ಅವನ ರಾಜ್ಯವೆಲ್ಲ ಮುಗಿಯಿತು. ತೂಬಿನಿಂದ ಕೊನೆಯ ಗದ್ದೆಯವರೆಗೆ ಕಾಲ್ನಡಿಗೆಯ ಅಳತೆ. ಆ ವ್ಯವಸ್ಥೆಗೆ ಗಾಲಿಯ ಅಗತ್ಯವೇ ಇರಲಿಲ್ಲ.

ನಾಲೆ ಹಾಗಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಕೆಲಸ 1947ರಲ್ಲಿ ಶುರುವಾಗಿ 1960ರ ದಶಕದಲ್ಲಿ ಮುಗಿಯಿತು. 186 ಅಡಿ ತುಂಬಿದರೆ ಸುಮಾರು 71.5 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಅಲ್ಲಿಂದ ಹೊರಡುವ ಎಡದಂಡೆ ನಾಲೆ ಸುಮಾರು 77 ಕಿಲೋಮೀಟರು, ಬಲದಂಡೆ ನಾಲೆ ಸುಮಾರು 103 ಕಿಲೋಮೀಟರು. ಬಲದಂಡೆಯದು ತರೀಕೆರೆ ತಾಲ್ಲೂಕಿನಿಂದ ಹೊರಟು ಚನ್ನಗಿರಿ ಸೀಮೆ ಹಾದು, ಕವಲೊಡೆದು, ದಾವಣಗೆರೆ, ಮಲೆಬೆನ್ನೂರು, ಹರಿಹರದ ಗದ್ದೆಗಳವರೆಗೆ ಮುಟ್ಟುತ್ತದೆ. ಇಷ್ಟು ಉದ್ದದ ನೀರಿಗೆ ಕಾಲ್ನಡಿಗೆಯ ನೀರುಗಂಟಿ ಸಾಕಾಗುವುದಿಲ್ಲ. ಅದಕ್ಕೇ ನಾಲೆ ತೋಡಿದ ಇಂಜಿನಿಯರುಗಳು ಏರಿಯ ಮೇಲೆ ಗರಸು ಹರಡಿ, ಗಟ್ಟಿಸಿ, ತನಿಖೆಯ ಹಾದಿ ಮಾಡಿದರು. ಅದು ಊರಿಂದೂರಿಗೆ ಹೋಗೋ ರಸ್ತೆಯಲ್ಲ, ನೀರನ್ನು ನೋಡಿಕೊಳ್ಳೋ ಹಾದಿ.

ಈ ಹಾದಿಯ ಗುಟ್ಟು ಅದರ ಇಳಿಜಾರಿನಲ್ಲಿದೆ. ನೀರು ಜೋರಾಗಿ ಓಡಿದರೆ ಮಣ್ಣು ಕೊರೆಯುತ್ತದೆ, ತೀರಾ ನಿಧಾನವಾದರೆ ಹೂಳು ತುಂಬುತ್ತದೆ. ಆದ್ದರಿಂದ ಇಂಥ ದೊಡ್ಡ ನಾಲೆಗೆ ಮೈಲಿಗೆ ಒಂದಡಿ, ಎರಡಡಿಯಷ್ಟೇ ಇಳುಕಲು ಕೊಡ್ತಾರೆ. ದಿಬ್ಬ ಅಡ್ಡ ಬಂದರೆ ಬಳಸಿಕೊಂಡು ಹೋಗ್ತಾರೆ, ಹಳ್ಳ ಬಂದರೆ ಮೇಲ್ಗಾಲುವೆ ಕಟ್ತಾರೆ. ನೀರಿಗೆ ಅನುಕೂಲವಾದ ಈ ಸಮ ಮಟ್ಟ ಸೈಕಲ್ ತುಳಿಯುವವನ ಕಾಲಿಗೂ ಅನುಕೂಲವೇ. ಏರು ಇಲ್ಲ, ಇಳುಕಲು ಗೊತ್ತಾಗೋದಿಲ್ಲ. ಬೀರೂರಿನಿಂದ ಅಜ್ಜಂಪುರದ ಕಡೆಯ ಎರೆ ಹೊಲದ ಬಂಡಿ ಜಾಡಿನಲ್ಲಿ ಮಳೆಗಾಲದಲ್ಲಿ ಸೈಕಲ್ ತಳ್ಳಿದವರನ್ನು ಕೇಳಿ ನೋಡಿ. ಮಡ್‌ಗಾರ್ಡಿಗೆ ಮಣ್ಣು ಕಚ್ಚಿ, ಕೊನೆಗೆ ಸೈಕಲ್ಲೇ ಮನುಷ್ಯನ ಹೆಗಲೇರುತ್ತದೆ!

ಇನ್ನು ಸೈಕಲ್ಲಿನ ಕಥೆ. 1817ರಲ್ಲಿ ಜರ್ಮನಿಯ ಮಾನ್‌ಹೈಮ್ ಊರಿನಲ್ಲಿ ಕಾರ್ಲ್ ಡ್ರೈಸ್ ಅನ್ನೋನು ಮರದ ಎರಡು ಗಾಲಿಯ ಒಂದು ಓಡುಬಂಡಿ ಮಾಡಿದ. ಅದಕ್ಕೆ ಪೆಡಲು ಇರಲಿಲ್ಲ, ನೆಲಕ್ಕೆ ಕಾಲೊದ್ದು ಓಡಿಸಬೇಕು. ಮಾನ್‌ಹೈಮ್ ಇರೋದು ರೈನ್ ಮತ್ತು ನೆಕರ್ ನದಿಗಳು ಕೂಡುವ ಸಪಾಟು ಭೂಮಿಯಲ್ಲಿ. ಗುಡ್ಡಗಾಡಿನಲ್ಲಿ ಇಂಥ ಬಂಡಿ ಹೊರಗೆ ತೆಗೆಯುವ ಹಾಗೂ ಇರಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚುಕಮ್ಮಿ ಸಮ ಇರುವ, ಹಿಂದಿನ ಗಾಲಿಗೆ ಸರಪಳಿ ಹಾಕಿದ ಸೈಕಲ್ ತಂದ. ಇವತ್ತಿನ ಸೈಕಲ್ಲಿಗೆ ಅದೇ ಮೂಲ. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ಯಾರು ಗೊತ್ತೆ? ಬೆಲ್‌ಫಾಸ್ಟಿನಲ್ಲಿದ್ದ ಒಬ್ಬ ದನದ ಡಾಕ್ಟರು. ಮಗನ ಮೂರು ಗಾಲಿ ಸೈಕಲ್ಲು ಕುಲುಕುತ್ತೆ ಅಂತ ಗಾಳಿಯ ಕೊಳವೆ ಕಟ್ಟಿದವನು. ಅಮೃತಮಹಲ್ ರಾಸುಗಳ ಸೀಮೆಯವರಾದ ನಾವು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬಹುದು.

ಹಾಲೆಂಡ್, ಇಂಗ್ಲೆಂಡುಗಳಲ್ಲೂ ನಾಲೆ ಪಕ್ಕ ಹಾದಿಗಳಿವೆ. ಆದರೆ ಅವು ಕುದುರೆಗಳಿಗಾಗಿ ಆದದ್ದು. ಕುದುರೆ ದಂಡೆಯ ಮೇಲೆ ನಡೆಯುತ್ತಾ ಹಗ್ಗದಿಂದ ದೋಣಿ ಎಳೆಯಬೇಕಿತ್ತು. ದೋಣಿಗೆ ಯಂತ್ರ ಬಂತು, ಕುದುರೆ ಹೋಯಿತು, ಉಳಿದ ಹಾದಿ ನಡೆಯುವವರ ಮತ್ತು ಸೈಕಲ್ಲಿನವರ ಪಾಲಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ನಮ್ಮ ಹಾದಿಯ ಕೆಲಸ ಮುಗಿದಿಲ್ಲ, ನೀರು ಹರಿಯುವವರೆಗೂ ಮುಗಿಯೋದೂ ಇಲ್ಲ.

ಬೀರೂರಿಗೆ ಹೊರಗಿನ ಸರಕು ರೈಲಿನಲ್ಲಿ ಇಳಿಯುತ್ತಿತ್ತು. 1899ರಲ್ಲಿ ಬೀರೂರು–ಶಿವಮೊಗ್ಗ ಕವಲು ದಾರಿ ತೆರೆದ ಮೇಲೆ ಊರು ಜಂಕ್ಷನ್ನಾಯಿತು. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮ ದೇಶದ ಸೈಕಲ್ಲುಗಳಲ್ಲಿ ಬಹುಪಾಲು ಇಂಗ್ಲೆಂಡಿನವು, ರ‍್ಯಾಲಿ, ಬಿ.ಎಸ್.ಎ., ಹರ್ಕ್ಯುಲಿಸ್. ಹಳ್ಳಿಯಲ್ಲಿ ಶಾನುಭೋಗರದೋ ಸಾಹುಕಾರರದೋ ಒಂದಿದ್ದರೆ ಹೆಚ್ಚು. ಆಮೇಲೆ 1949ರಲ್ಲಿ ಮದರಾಸಿನ ಬಳಿ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಕಂಪನಿಗಳು ಬಂದವು. ಈ ವರ್ಷಗಳನ್ನು ಭದ್ರಾ ಅಣೆಕಟ್ಟೆಯ ವರ್ಷಗಳ ಪಕ್ಕದಲ್ಲಿಟ್ಟು ನೋಡಿ. ನಾಲೆಯ ನೀರೂ ರೈತನ ಕೈಗೆಟುಕುವ ಸೈಕಲ್ಲೂ ಈ ಸೀಮೆಗೆ ಒಂದೇ ಕಾಲಕ್ಕೆ ಬಂದವು. ಬೇರೆ ಬೇರೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು ಅಂತ ನನಗನಿಸುತ್ತದೆ.

ಈ ಎರಡನ್ನೂ ಕೂಡಿಸಿದವನು ಸೌಡಿ. ಉಪನಾಲೆಗಳ ತೂಬು ತೆಗೆದು ಮುಚ್ಚೋ ಕೆಳದರ್ಜೆಯ ನೌಕರ. ಹಿಂದೆ ಕ್ಯಾರಿಯರಿನಲ್ಲಿ ತೂಬಿನ ಕೀಲಿ, ಮುಂದೆ ಡೈನಮೋ ದೀಪ, ಕೆಳಗೆ ಕಪ್ಪು ಸೈಕಲ್ಲು. ಅವನ ಹಿಂದೆಯೇ ರೈತನೂ ಸೈಕಲ್ ಹತ್ತಿದ. ಯಾಕೆ ಅಂದರೆ ನಾಲೆಯ ನ್ಯಾಯ ಮೇಲಿಂದ ಕೆಳಕ್ಕೆ ಹರಿಯೋದು. ಮೇಲಿನವನು ರಾತ್ರಿ ತೂಬು ಎತ್ತಿದರೆ ಕೊನೆಯವನ ಗದ್ದೆ ಬೆಳಗಾಗುವಷ್ಟರಲ್ಲಿ ಬಿರುಕು ಬಿಡುತ್ತದೆ. ಸರದಿಯ ನೀರು ಬರಬೇಕಾದ ರಾತ್ರಿ ಕೊನೆಯ ಭಾಗದ ಊರುಗಳವರು ನಾಲ್ಕೈದು ಜನ ಸೈಕಲ್ಲಿನಲ್ಲಿ ಏರಿ ಹಿಡಿದು ಮೇಲಕ್ಕೆ ಹೋಗಿ, ಒಂದೊಂದು ತೂಬನ್ನೂ ನೋಡಿಕೊಂಡು ಬರುವುದು ನಾಲೆ ಸೀಮೆಗಳಲ್ಲಿ ಪದ್ಧತಿಯಾಯಿತು. ಸೈಕಲ್ಲಿಗೆ ಸದ್ದಿಲ್ಲ, ಎಣ್ಣೆ ಬೇಡ, ಎಲ್ಲಿ ಬೇಕೋ ಅಲ್ಲಿ ಕಾಲೂರಿ ನಿಲ್ಲಬಹುದು. ಏರಿಯಲ್ಲಿ ನೀರು ಒಸರುವ ಸಣ್ಣ ಶಬ್ದವೂ ಕಿವಿಗೆ ಬೀಳುತ್ತದೆ. ಮೋಟಾರು ಬೈಕಿನವನಿಗೆ ಅದು ಕೇಳೋದಿಲ್ಲ.

ಹೆಣ್ಣುಮಕ್ಕಳ ಪಾಲಿಗೆ ಸೈಕಲ್ಲು ತಡವಾಗಿ ಬಂತು. ಗದ್ದೆಗೆ ಬುತ್ತಿ ಹೊತ್ತು ಅವರು ಏರಿಯ ಮೇಲೆ ನಡೆದದ್ದೇ ಹೆಚ್ಚು. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಲವು ವರ್ಷ ಸೈಕಲ್ ಕೊಟ್ಟಿತಲ್ಲ, ಆಗ ನಾಲೆ ಸೀಮೆಯ ಹುಡುಗಿಯರು ಹೈಸ್ಕೂಲಿಗೆ ಇದೇ ಹಾದಿ ಹಿಡಿದರು. ಮನೆಯಲ್ಲಿ ಆ ಸೈಕಲ್ಲು ಇನ್ನೂ ಇದ್ದರೆ ಅದನ್ನು ಗುಜರಿಗೆ ಹಾಕಬೇಡಿ.

ಹಳೆಯ ಅಟ್ಲಾಸ್ ಸೈಕಲ್ಲಿನ ಟೈರಿನ ಮೇಲೆ 28 × 1½ ಅಂತ ಬರೆದಿರುತ್ತದೆ. ಒಂದೂವರೆ ಅಂಗುಲ ಅಂದರೆ ಸುಮಾರು 38ರಿಂದ 40 ಮಿಲಿಮೀಟರು ಅಗಲ. ಪಟ್ಟಣದವರ ಹೊಸ ಗ್ರಾವೆಲ್ ಸೈಕಲ್ಲಿಗೂ ಸಾಮಾನ್ಯವಾಗಿ ಹಾಕೋದು 40 ಮಿಲಿಮೀಟರಿನ ಟೈರೇ. ತೀರಾ ತೆಳುವಾದರೆ ಗರಸಿನಲ್ಲಿ ಹೂಳುತ್ತದೆ, ತೀರಾ ದಪ್ಪವಾದರೆ ತುಳಿಯಲು ಭಾರ. ನಮ್ಮ ತಾತಂದಿರ ಗಾಲಿಯ ಅಳತೆಗೇ ಅವರು ಸುತ್ತಿ ಬಳಸಿ ಬಂದು ನಿಂತಿದ್ದಾರೆ.

ಈಗ ಹಾದಿಯ ಸ್ಥಿತಿಗೆ ಬರೋಣ. ಕೆಸರು ಗದ್ದೆಯಿಂದ ಬಂದ ಟ್ರ್ಯಾಕ್ಟರು ಕಬ್ಬಿಣದ ಕೇಜ್ ವೀಲ್ ಬಿಚ್ಚದೆ ಏರಿ ಹತ್ತಿದರೆ, ವರ್ಷಗಟ್ಟಲೆ ಕೂತ ಗರಸು ಒಂದೇ ದಿನಕ್ಕೆ ಕಿತ್ತು ಬರುತ್ತದೆ. ಆ ಗುಂಡಿಯಲ್ಲಿ ಮಳೆ ನೀರು ನಿಂತು, ಇಂಗಿ, ಏರಿ ಒಳಗಿನಿಂದ ಮೆತ್ತಗಾಗುತ್ತದೆ. ಇನ್ನು ಪಂಪ್‌ಸೆಟ್ಟಿನ ಪೈಪು ಹಾಯಿಸಲು ಏರಿ ಸೀಳುವವರು, ಅಡಿಕೆ ಸಸಿ ನೆಡುತ್ತಾ ವರ್ಷಕ್ಕೊಂದು ಮೊಳ ಮುಂದೆ ಸರಿಯುವವರು. ಇವರನ್ನು ಬೈದು ಫಲವಿಲ್ಲ. ಅವರಿಗೂ ಗಂಟಲು ಒಣಗಿದೆ. ಆದರೆ ಹಾದಿ ಕಿರಿದಾಗಿ ಸೌಡಿಯ ಸೈಕಲ್ಲು ನಿಂತ ಕಡೆಗೆ ತಪಾಸಣೆಯೂ ನಿಲ್ಲುತ್ತದೆ. ತಪಾಸಣೆ ನಿಂತ ನಾಲೆಯಲ್ಲಿ ಕೊನೆಯವನ ಪಾಲು ಮೊದಲು ಹೋಗುತ್ತದೆ.

ಇದಕ್ಕೆ ವಿರುದ್ಧದ ತಪ್ಪೂ ಇದೆ. ಏರಿ ಹಾದಿಯನ್ನು ಬಸ್ಸು ಲಾರಿಗಳ ರಸ್ತೆಯಾಗಿ ಬಳಸುವುದು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯ ಮಕ್ಕಳಿದ್ದರು. ನಾಲೆಯ ಪಕ್ಕದ ಹಾದಿಗೆ ಎಷ್ಟು ಭಾರ, ಎಷ್ಟು ವೇಗ ಸರಿ ಅನ್ನೋದು ಸಣ್ಣ ಪ್ರಶ್ನೆಯಲ್ಲ. ಸೈಕಲ್ಲಿನವರೂ ಹುಷಾರಾಗಿರಬೇಕು. ಕಾಂಕ್ರೀಟ್ ಹಾಸಿದ ನಾಲೆಯ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಬಿದ್ದವರಿಗೆ ಹಿಡಿಯಲು ಹುಲ್ಲು ಕಡ್ಡಿಯೂ ಸಿಗೋದಿಲ್ಲ. ಮಕ್ಕಳನ್ನು ನೀರಿನ ಕಡೆಗೆ ಬಿಡದೆ ಗದ್ದೆಯ ಕಡೆಗೆ ಹೊಡೆಯಲು ಹೇಳಿ. ಕತ್ತಲಾದ ಮೇಲೆ ದೀಪವಿಲ್ಲದೆ ಏರಿ ಹತ್ತಬೇಡಿ.

ಈ ಮಾತು ಅಜ್ಜಂಪುರ ಕಡೆಯವರಿಗೆ ಈಗ ಹೆಚ್ಚು ಬೇಕು. ಭದ್ರಾ ಮೇಲ್ದಂಡೆ ಯೋಜನೆಯ ನೀರು ತರೀಕೆರೆ ತಾಲ್ಲೂಕಿನ ಶಾಂತಿಪುರ, ಬೆಟ್ಟದಾವರೆಕೆರೆಗಳ ಪಂಪುಗಳಿಂದ ಮೇಲೇರಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರಿನ ಸುರಂಗ ಹಾದು, ವೇದಾವತಿಯ ವಾಣಿವಿಲಾಸ ಸಾಗರದ ಕಡೆಗೂ ಹರಿದಿದೆ. 1933ರ ನಂತರ ಕೋಡಿಯನ್ನೇ ಕಾಣದಿದ್ದ ಆ ಜಲಾಶಯ 2022ರ ಸೆಪ್ಟೆಂಬರಿನಲ್ಲಿ ತುಂಬಿ ಹರಿಯಿತು. ಅದಕ್ಕೆ ಆ ವರ್ಷದ ಮಳೆಯೂ ದೊಡ್ಡ ಕಾರಣ ಅನ್ನಿ. ಕೆರೆಯ ಲೆಕ್ಕದಲ್ಲಿ ಬದುಕಿದ ಊರುಗಳ ಪಕ್ಕಕ್ಕೆ ಈಗ ನಾಲೆಯ ಏರಿ ಬಂದಿದೆ. ಹೊಸ ಏರಿ ಮೊದಲ ಕೆಲವು ಮಳೆಗಾಲಗಳಲ್ಲೇ ಕೂರಬೇಕು, ಇಲ್ಲವೇ ಕುಸಿಯಬೇಕು.

ಅಲ್ಲಿ ಸೈಕಲ್ಲಿನಲ್ಲಿ ಓಡಾಡುವವರು ಒಂದು ಕೆಲಸ ಮಾಡಬಹುದು. ನಾಲೆಯ ಉದ್ದಕ್ಕೂ ದೂರದ ಸಂಖ್ಯೆ ಕೆತ್ತಿದ ಕಲ್ಲುಗಳಿರುತ್ತವೆ. ಏರಿಯ ಹೊರಮೈ ಒದ್ದೆಯಾಗಿದ್ದರೆ, ಗರಸು ಕುಸಿದಿದ್ದರೆ, ಇಲಿ ಏಡಿಗಳ ಬಿಲದಿಂದ ನೀರು ಜಿನುಗುತ್ತಿದ್ದರೆ, ಹತ್ತಿರದ ಕಲ್ಲಿನ ಸಂಖ್ಯೆ, ತಾರೀಖು, ಎಡದ ಏರಿಯೋ ಬಲದ ಏರಿಯೋ ಅನ್ನೋದನ್ನು ಬರೆದುಕೊಂಡು ನೀರು ಬಳಕೆದಾರರ ಸಹಕಾರ ಸಂಘಕ್ಕೆ, ಸಂಘವಿಲ್ಲದ ಕಡೆ ನೀರಾವರಿ ಕಚೇರಿಗೆ ಕೊಡಿ. ಜಿನುಗುವ ನೀರು ತಿಳಿಯಾಗಿದ್ದರೆ ಒಂದೆರಡು ದಿನ ಸಮಯವಿದೆ ಅಂತ ಲೆಕ್ಕ. ಕೆಂಪಗೆ ಮಣ್ಣು ಕಲಸಿ ಬರುತ್ತಿದ್ದರೆ ಬರೆಯುತ್ತಾ ಕೂರಬೇಡಿ, ಅಲ್ಲಿಂದಲೇ ಫೋನ್ ಮಾಡಿ.