ಗುಣಿಸಲು ಬಾರದ ಚಿಪ್‌ಗೆ ಮಗ್ಗಿ ಬಾಯಿಪಾಠ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನನ್ನ ಅಜ್ಜ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಿದ್ದ. ತೂಕ, ದರ ಎರಡೂ ಕಿವಿಗೆ ಬಿದ್ದರೆ ಸಾಕು, ಮೊತ್ತ ಬಾಯಿಂದ ಬರುತ್ತಿತ್ತು. ನಾನು ಸ್ಲೇಟಿನ ಮೇಲೆ ಸಾಲು ಸಾಲಾಗಿ ಗುಣಿಸುವುದನ್ನು ಕಂಡರೆ ಅವನಿಗೆ ನಗು. "ಮಗ್ಗಿ ಬರಲಾರದವರು ಗುಣಾಕಾರ ಮಾಡತಾರಪಾ ತಮ್ಮಾ" ಎನ್ನುತ್ತಿದ್ದ. ಅವನು ಶಾಲೆಗೆ ಹೋದ ಕಾಲಕ್ಕೆ ನಮ್ಮ ಸೀಮೆ ಮುಂಬೈ ಪ್ರಾಂತ್ಯದಲ್ಲಿತ್ತು. ಹಾಗಾಗಿ ಎರಡು ಮೂರರ ಮಗ್ಗಿಯ ಜೊತೆಗೆ ಪಾವಕಿ, ನಿಮಕಿ, ಪಾವುಣಕಿ, ಸವಾಯಕಿ, ದಿಡಕಿ ಎಲ್ಲವೂ ಬಾಯಿಪಾಠ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳು ಇವು.

ಅಜ್ಜನ ಈ ಮಾತು ಪುಣೆಯಲ್ಲಿ ನನ್ನ ಹೊಟ್ಟೆಪಾಡಿಗೆ ಒದಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

1999ರಲ್ಲಿ ಕೆಲಸಕ್ಕೆಂದು ಪುಣೆಗೆ ಬಂದೆ. ಚಿಕ್ಕ ಕಂಪನಿ. ಕಾಂಕ್ರೀಟಿನ ಕಂಬಕ್ಕೆ ಒಂದು ಬದಿಯಿಂದ ಶಬ್ದದ ತರಂಗ ಕಳಿಸಿ, ಇನ್ನೊಂದು ಬದಿಯಲ್ಲಿ ಹಿಡಿದು, ಒಳಗೆ ಬಿರುಕಿದೆಯೇ ಎಂದು ಹೇಳುವ ಯಂತ್ರ ಮಾಡುತ್ತಿದ್ದರು. ಆ ತರಂಗ 54 ಕಿಲೋಹರ್ಟ್ಸಿನದು, ಕಿವಿಗೆ ಕೇಳಿಸದು. ಅದರ ಜೊತೆ ಮೋಟಾರು, ವೆಲ್ಡಿಂಗು, ಲಾರಿಯ ಗದ್ದಲವೆಲ್ಲ ಸೇರಿಕೊಂಡು ಬರುತ್ತದೆ. ಬೇಡದ್ದನ್ನು ಸೋಸಿ ತೆಗೆಯಬೇಕು, ಅದೇ ಫಿಲ್ಟರ್.

ಡಿಜಿಟಲ್ ಫಿಲ್ಟರ್ ಎಂದರೆ ದೊಡ್ಡ ಗುಟ್ಟೇನಲ್ಲ. ಸಿಗ್ನಲ್ಲಿನ ಈಚಿನ ಕೆಲವು ಅಳತೆಗಳನ್ನು ತೆಗೆದುಕೊಳ್ಳಿ. ಒಂದೊಂದನ್ನೂ ಮೊದಲೇ ಗೊತ್ತುಮಾಡಿಟ್ಟ ಒಂದು ಸಂಖ್ಯೆಯಿಂದ ಗುಣಿಸಿ ಎಲ್ಲವನ್ನೂ ಕೂಡಿ. ಹೊಸ ಅಳತೆ ಬಂತೇ? ಹಳೆಯದೊಂದನ್ನು ಬಿಟ್ಟು ಮತ್ತೆ ಗುಣಿಸಿ, ಮತ್ತೆ ಕೂಡಿ. ಆ ಸಂಖ್ಯೆಗಳಿಗೆ ಗುಣಾಂಕ ಎನ್ನುತ್ತಾರೆ. ಯಾವ ಗುಣಾಂಕ ಬೇಕೆಂದು ಲೆಕ್ಕ ಹಾಕುವ ಒಳ್ಳೆಯ ದಾರಿಯನ್ನು ಪಾರ್ಕ್ಸ್ ಮತ್ತು ಮೆಕ್‌ಕ್ಲೆಲನ್ 1972ರಲ್ಲೇ ಕೊಟ್ಟಿದ್ದರು. ತೊಡಕು ಇದ್ದದ್ದು ಗುಣಾಕಾರದಲ್ಲಿ. ನಮ್ಮ ಯಂತ್ರದಲ್ಲಿ 32 ಗುಣಾಂಕ, ಎಂಟು ಸಂವೇದಕ, ಪ್ರತಿಯೊಂದರಿಂದ ಸೆಕೆಂಡಿಗೆ ಹತ್ತು ಲಕ್ಷ ಅಳತೆ. ಗುಣಿಸಿ ನೋಡಿ, ಸೆಕೆಂಡಿಗೆ ಇಪ್ಪತ್ತೈದೂವರೆ ಕೋಟಿಗೂ ಮೇಲೆ.

ಕೂಡುವುದು ಯಂತ್ರಕ್ಕೆ ಸುಲಭ. ಗುಣಿಸುವುದು ಹಾಗಲ್ಲ. 16 ಬಿಟ್ಟಿನ ಎರಡು ಸಂಖ್ಯೆಗಳನ್ನು ಶಾಲೆಯ ಕ್ರಮದಲ್ಲಿ ಗುಣಿಸಿದರೆ 256 ಬಿಡಿ ಗುಣಲಬ್ಧಗಳಾಗುತ್ತವೆ, ಅಷ್ಟನ್ನೂ ಕೂಡಬೇಕು. ಆದ್ದರಿಂದ ಕಂಪ್ಯೂಟರಿನ ಮೊದಲ ದಿನಗಳಿಂದಲೂ ಜಾಣರು ಗುಣಾಕಾರದ ಖರ್ಚು ತಗ್ಗಿಸಲು ಹೆಣಗಿದ್ದಾರೆ. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಹರಳುಗಳ ಎಕ್ಸ್-ರೇ ಲೆಕ್ಕಗಳಿಗಾಗಿ ಯಂತ್ರ ಕಟ್ಟುತ್ತಿದ್ದ ಆಂಡ್ರ್ಯೂ ಬೂತ್ 1950ರ ಸುಮಾರಿಗೆ ಒಂದು ಉಪಾಯ ಹುಡುಕಿದ. ಏಳರಿಂದ ಗುಣಿಸಬೇಕಾದರೆ ಎಂಟರಿಂದ ಗುಣಿಸಿ ಒಂದು ಸಲ ಕಳೆ. ಎರಡರ ಲೆಕ್ಕದಲ್ಲಿ ಎಂಟರಿಂದ ಗುಣಿಸುವುದೆಂದರೆ ಸಂಖ್ಯೆಯನ್ನು ಮೂರು ಮನೆ ಎಡಕ್ಕೆ ಸರಿಸುವುದಷ್ಟೇ, ಪುಕ್ಕಟೆ. 99 ರೂಪಾಯಿಯ ಸಾಮಾನಿಗೆ ನೂರರ ಲೆಕ್ಕ ಹಾಕಿ ಒಂದೊಂದು ರೂಪಾಯಿ ಕಳೆಯುವ ಅಂಗಡಿಯವನೂ ಮಾಡುವುದು ಇದನ್ನೇ. 1964ರಲ್ಲಿ ಕ್ರಿಸ್ ವ್ಯಾಲೇಸ್ ಆ ಬಿಡಿ ಗುಣಲಬ್ಧಗಳನ್ನು ಮರದ ಕೊಂಬೆಗಳ ಹಾಗೆ ಜೋಡಿಸಿ ಬೇಗ ಕೂಡುವ ಬಗೆ ತೋರಿಸಿದ.

1970ರ ದಶಕದ ಎರಡನೆಯ ಅರ್ಧದಲ್ಲಿ ಅಮೆರಿಕದ ಟಿಆರ್‌ಡಬ್ಲ್ಯು ಕಂಪನಿ 16 ಬಿಟ್ಟಿನ ಪೂರ್ಣ ಗುಣಕವನ್ನು ಒಂದೇ ಚಿಪ್ಪಿನಲ್ಲಿ ಕೂರಿಸಿತು. ಗುಣಿಸುವುದೊಂದು ಬಿಟ್ಟು ಬೇರೇನೂ ಮಾಡದ, ಮುಟ್ಟಿದರೆ ಬಿಸಿಯಾದ, ಉದ್ದನೆಯ ಚಿಪ್. 1979ರಲ್ಲಿ ಇಂಟೆಲ್ ಸಿಗ್ನಲ್ ಕೆಲಸಕ್ಕೆಂದೇ 2920 ಎಂಬುದನ್ನು ತಂದಾಗ ಅದರೊಳಗೆ ಗುಣಕವೇ ಇರಲಿಲ್ಲ. ಸರಿಸು, ಕೂಡು, ಸರಿಸು, ಕೂಡು. ಅದು ಗೆಲ್ಲಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1982ರಲ್ಲಿ ತೋರಿಸಿದ ಟಿಎಂಎಸ್32010ರಲ್ಲಿ ಗುಣಕವಿತ್ತು. 200 ನ್ಯಾನೊಸೆಕೆಂಡಿಗೆ ಒಂದು ಗುಣಾಕಾರ, ಅಂದರೆ ಸೆಕೆಂಡಿಗೆ 50 ಲಕ್ಷ. ಫಿಲ್ಟರ್ ಎಂದರೆ ಇನ್ನು ಪ್ರೊಸೆಸರೇ ಎಂದು ಜನ ಅಂದುಕೊಂಡರು. ಆದರೆ ಅದರಲ್ಲಿದ್ದದ್ದು ಒಂದೇ ಗುಣಕ, ಎಲ್ಲ ಅಳತೆಗಳೂ ಪಡಿತರದ ಅಂಗಡಿಯ ಮುಂದೆ ನಿಂತ ಹಾಗೆ ಸರದಿಯಲ್ಲಿ ನಿಲ್ಲಬೇಕು.

ಇದೇ ಹೊತ್ತಿಗೆ ಬೇರೆ ಓಣಿಯಲ್ಲಿ ಬೇರೆಯೇ ಒಂದು ಚಿಪ್ ಹುಟ್ಟಿತು. ರಾಸ್ ಫ್ರೀಮನ್ ಮತ್ತು ಇಬ್ಬರು ಜೊತೆಗಾರರು 1984ರಲ್ಲಿ ಜೈಲಿಂಕ್ಸ್ ಕಂಪನಿ ತೆರೆದು ಮರುವರ್ಷ ಎಕ್ಸ್‌ಸಿ2064 ತಂದರು. ನಾವು ಎಫ್‌ಪಿಜಿಎ ಎಂದು ಕರೆಯುವ ಕುಲದ ಮೊದಲ ಕೂಸು. ಅದರಲ್ಲಿದ್ದದ್ದು 64 ಪುಟ್ಟ ತರ್ಕದ ಕೋಣೆಗಳು. ಕೋಣೆಯೊಳಗೆ ಇಣುಕಿದರೆ ಒಂದು ಚಿಕ್ಕ ಕೋಷ್ಟಕ. ನಾಲ್ಕು ಬಿಟ್ ಒಳಗೆ ಬಂದರೆ 16 ಸಾಧ್ಯತೆಗಳು, ಪ್ರತಿಯೊಂದಕ್ಕೂ ಉತ್ತರ ಮೊದಲೇ ಬರೆದಿಟ್ಟಿದೆ. ಅದು ಲೆಕ್ಕ ಮಾಡುವುದಿಲ್ಲ, ನೋಡಿ ಹೇಳುತ್ತದೆ. ಬಂದ ಕೆಲಸಕ್ಕೆ ತಕ್ಕಂತೆ ಕೋಷ್ಟಕ ಬದಲಿಸಿದರೆ ಚಿಪ್ಪಿನ ಸ್ವಭಾವವೇ ಬದಲಾಗುತ್ತದೆ. ಫ್ರೀಮನ್ 1989ರಲ್ಲೇ ತೀರಿಕೊಂಡ. ತನ್ನ ಕೂಸು ಫಿಲ್ಟರ್ ಕೆಲಸಕ್ಕೆ ಇಳಿದದ್ದನ್ನು ಅವನು ಸರಿಯಾಗಿ ನೋಡಲಿಲ್ಲ.

ಪುಣೆಯ ಆ ಕಂಪನಿಯಲ್ಲಿ ನನಗೆ ಕೆಲಸ ಕಲಿಸಿದವರು ಐವತ್ತರ ಆಸುಪಾಸಿನ ಒಬ್ಬ ಮರಾಠಿ ಎಂಜಿನಿಯರ್. ಮೊದಲ ವಾರವೇ ಕೇಳಿದೆ, "ಸರ್, ಈ ಚಿಪ್ಪಿನಲ್ಲಿ ಗುಣಕವೇ ಇಲ್ಲವಲ್ಲ, ಫಿಲ್ಟರ್ ಹೇಗೆ?" ಅವರು ಒಂದು ಹಾಳೆ ತೆಗೆದು ಗುಣಾಂಕ ನಾಲ್ಕು ಬರೆದರು. "ನಾಲ್ಕು ಅಳತೆಗಳಿಂದ ಕಡೆಯ ಬಿಟ್ ಮಾತ್ರ ತೆಗೆದುಕೋ. ಬಿಟ್ ಒಂದಾಗಿದ್ದರೆ ಅದರ ಗುಣಾಂಕ ಸೇರಿಸಬೇಕು, ಸೊನ್ನೆಯಾಗಿದ್ದರೆ ಬಿಡಬೇಕು. ಒಟ್ಟು ಎಷ್ಟು ಬಗೆಯ ಮೊತ್ತ ಸಾಧ್ಯ?" ಹದಿನಾರು. "ಕೋಷ್ಟಕದಲ್ಲಿ ಎಷ್ಟು ಮನೆ ಇವೆ?" ಹದಿನಾರು. ಆ ಹದಿನಾರು ಮೊತ್ತಗಳನ್ನು ಮೊದಲೇ ಬರೆದಿಟ್ಟರೆ ಮುಗಿಯಿತು. ಕಡೆಯ ಬಿಟ್‌ಗೆ ಕೋಷ್ಟಕ ನೋಡು, ಮುಂದಿನ ಬಿಟ್‌ಗೆ ನೋಡು, ಒಂದು ಮನೆ ಸರಿಸಿ ಕೂಡು. ಅಳತೆ 12 ಬಿಟ್ಟಿನದಾದರೆ 12 ಸಲ ನೋಡಿದರೆ ಸಾಕು. ಗುಣಾಂಕ ನಾಲ್ಕಿರಲಿ ನಾನೂರಿರಲಿ, ಕೋಷ್ಟಕಗಳು ಹೆಚ್ಚುತ್ತವೆ, ಸುತ್ತು ಹನ್ನೆರಡೇ.

ನಾನು ನಕ್ಕುಬಿಟ್ಟೆ. ಯಾಕೆಂದು ಕೇಳಿದರು. ಅಜ್ಜನ ಮಾತು ಹೇಳಿದೆ. "ಪಾವಕಿ, ನಿಮಕಿ" ಎಂದು ಶುರು ಮಾಡಿದ್ದೇ ತಡ, ಅವರು "ಪಾವುಣಕಿ, ಸವಾಯಕಿ" ಎಂದು ಮುಂದುವರಿಸಿದರು. ಅವರ ತಂದೆಯೂ ಕಲಿಸಿದ್ದರಂತೆ. ಮರಾಠಿ ಸರಿಯಾಗಿ ಬಾರದ ನನಗೆ ಆ ಊರಿನಲ್ಲಿ ಸಿಕ್ಕಿದ ಮೊದಲ ನಂಟು ಅದು.

ಈ ಉಪಾಯ ಅವರದಲ್ಲ, ಜೈಲಿಂಕ್ಸಿನದೂ ಅಲ್ಲ. ಐಬಿಎಂನ ಫ್ರಾನ್ಸ್ ಶಾಖೆಯಲ್ಲಿದ್ದ ಕ್ರೋಸಿಯೆ ಮತ್ತು ಸಂಗಡಿಗರು ಇದಕ್ಕೆ 1973ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. 1974ರಲ್ಲಿ ಪೆಲೆಡ್ ಮತ್ತು ಲಿಯು ಅದನ್ನು ವಿವರವಾಗಿ ಪ್ರಕಟಿಸಿದರು. ಆಗ ಅದು ನೆನಪಿನ ಚಿಪ್‌ಗಳಿಗಾಗಿ ಹೆಣೆದ ಉಪಾಯ. ನಾಲ್ಕು ಬಿಟ್ಟಿನ ಕೋಷ್ಟಕಗಳ ಚಿಪ್ ಬಂದದ್ದು ಹತ್ತು ವರ್ಷದ ಮೇಲೆ. ಚಿಪ್ ಮಾಡಿದವರು ಫಿಲ್ಟರನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ, ಉಪಾಯ ಕಂಡವರಿಗೆ ಈ ಚಿಪ್ ಕನಸಿನಲ್ಲೂ ಇರಲಿಲ್ಲ. ಎರಡೂ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂಡಿದವು. ಇಂಥ ಹೊಂದಾಣಿಕೆಗಳಿಂದಲೇ ತಂತ್ರಜ್ಞಾನದ ಇತಿಹಾಸ ಓದಲು ನನಗೆ ಆಸೆ.

ಇನ್ನೊಂದು ದಾರಿಯೂ ಇತ್ತು. 45ರಿಂದ ಗುಣಿಸಬೇಕೆನ್ನಿ. ಎರಡರ ಲೆಕ್ಕದಲ್ಲಿ 45ರಲ್ಲಿ ನಾಲ್ಕು ಒಂದುಗಳಿವೆ, ಆದ್ದರಿಂದ ಮೂರು ಸಂಕಲನ. ಆದರೆ 45 ಎಂದರೆ ಐದೊಂಬತ್ಲಿ. ಐದು ಪಟ್ಟು ಎಂದರೆ ನಾಲ್ಕು ಪಟ್ಟು ಮತ್ತು ಒಂದು. ಬಂದದ್ದರ ಎಂಟು ಪಟ್ಟಿಗೆ ಅದನ್ನೇ ಮತ್ತೊಮ್ಮೆ ಸೇರಿಸಿದರೆ 45. ಎರಡೇ ಸಂಕಲನ! ಫಿಲ್ಟರಿನ ಎಲ್ಲ ಗುಣಾಂಕಗಳನ್ನೂ ಒಟ್ಟಿಗೆ ಇಟ್ಟು, ಒಂದರ ಕೆಲಸ ಇನ್ನೊಂದಕ್ಕೆ ಒದಗುವ ಹಾಗೆ ಹೆಣೆಯುವುದನ್ನು 1991ರಲ್ಲಿ ಬುಲ್ ಮತ್ತು ಹೊರಾಕ್ಸ್, 1995ರಲ್ಲಿ ಡೆಂಪ್‌ಸ್ಟರ್ ಮತ್ತು ಮೆಕ್ಲಾಡ್ ಶಾಸ್ತ್ರವಾಗಿಯೇ ಬೆಳೆಸಿದರು. ನಮ್ಮ ಸರ್ ಇದನ್ನು ಪೆನ್ಸಿಲಿನಲ್ಲಿ ಮಾಡುತ್ತಿದ್ದರು, ಪದಬಂಧ ಬಿಡಿಸುವವರ ಹಾಗೆ, ಊಟದ ಡಬ್ಬಿ ಪಕ್ಕಕ್ಕೆ ಸರಿಸಿ.

ಆಮೇಲೆ ಬಂತು 2001. ಜೈಲಿಂಕ್ಸಿನ ವರ್ಟೆಕ್ಸ್-2 ಚಿಪ್‌ಗಳಲ್ಲಿ 18 ಬಿಟ್ಟಿನ ಸಿದ್ಧ ಗುಣಕಗಳನ್ನು ಸಿಲಿಕಾನಿನಲ್ಲೇ ಎರಕ ಹೊಯ್ದಿದ್ದರು. ಎಲ್ಲಕ್ಕಿಂತ ದೊಡ್ಡದರಲ್ಲಿ 168. 16 ಬಿಟ್ಟೂ ಅಲ್ಲ, 20 ಬಿಟ್ಟೂ ಅಲ್ಲ, 18 ಯಾಕೆ? ಪಕ್ಕದ ಮನೆಯಲ್ಲಿದ್ದ ನೆನಪಿನ ಬ್ಲಾಕಿನ ಅಗಲ ಅದೇ. ಗುಣಕಕ್ಕೂ ನೆನಪಿಗೂ ತಂತಿಗಳು ಹಂಚಿಕೆ. ನೆನಪನ್ನು ಪೂರ್ತಿ ಅಗಲಕ್ಕೆ ಬಳಸಿದರೆ ಗುಣಕಕ್ಕೆ ದಾರಿ ಸಿಗದು. ಎರಡು ಮನೆಗೆ ಒಂದೇ ನಲ್ಲಿ ಇದ್ದ ಹಾಗೆ. ಮರುವರ್ಷ ಆಲ್ಟೆರಾ ಕಂಪನಿಯ ಸ್ಟ್ರಾಟಿಕ್ಸ್ ಬಂತು. ಅದರಲ್ಲಿ ಗುಣಕಗಳ ಜೊತೆ ಕೂಡುವ ಯಂತ್ರವೂ ಒಂದೇ ಬ್ಲಾಕಿನಲ್ಲಿತ್ತು. 2004ರ ವರ್ಟೆಕ್ಸ್-4ರಲ್ಲಿ ಜೈಲಿಂಕ್ಸ್ ಕೂಡ ಗುಣಕದ ಬೆನ್ನಿಗೇ 48 ಬಿಟ್ಟಿನ ಸಂಕಲಕ ಅಂಟಿಸಿತು, ಒಂದರ ಮೊತ್ತ ಮುಂದಿನದಕ್ಕೆ ನೇರ ಹರಿಯುವ ಖಾಸಗಿ ದಾರಿಯ ಸಮೇತ. ಸಾಲಾಗಿ ಜೋಡಿಸಿದರೆ ಅದೇ ಫಿಲ್ಟರ್. ಫಿಲ್ಟರಿನ ಗುಣಾಂಕಗಳು ಬಹುತೇಕ ಕನ್ನಡಿಯ ಬಿಂಬದ ಹಾಗೆ ಎರಡೂ ಕಡೆ ಒಂದೇ ಇರುತ್ತವೆ. ಹಾಗಾಗಿ ಮೊದಲೇ ಎರಡು ಅಳತೆ ಕೂಡಿಕೊಂಡು ಒಂದೇ ಸಲ ಗುಣಿಸಬಹುದು. ಆ ಮುಂಗಡ ಸಂಕಲಕವೂ ಕೆಲವೇ ವರ್ಷಗಳಲ್ಲಿ ಬ್ಲಾಕಿನೊಳಗೆ ಬಂತು.

ನಮ್ಮಂಥ ಬಡ ಕಂಪನಿಗೆ ಈ ಭಾಗ್ಯ ತಲುಪಿದ್ದು ಅಗ್ಗದ ಸ್ಪಾರ್ಟನ್-3 ಚಿಪ್‌ಗಳ ಮೂಲಕ. ನಾವು ತಂದದ್ದರಲ್ಲಿ 12 ಗುಣಕಗಳು. ಎಂಟು ಸಂವೇದಕಕ್ಕೆ ಎಂಟು, ನಾಲ್ಕು ಮಿಕ್ಕವು. ಸರ್ ತಿಂಗಳುಗಟ್ಟಲೆ ಹೆಣೆದ ಕೋಷ್ಟಕಗಳನ್ನು ನಾನು ಎರಡು ದಿನದಲ್ಲಿ ಕಿತ್ತುಹಾಕಿ ಒಂದು ಗುಣಾಕಾರದ ಚಿಹ್ನೆ ಬರೆದೆ. ಮೂವತ್ತರೊಳಗಿನ ವಯಸ್ಸು. ಹೆಮ್ಮೆಯನ್ನು ಮುಚ್ಚಿಡುವ ಸೌಜನ್ಯವೂ ನನಗಿರಲಿಲ್ಲ.

ಎರಡು ತಿಂಗಳಿಗೆ ದೂರು ಬಂತು. ಮೇಲ್ಸೇತುವೆಯೊಂದರ ಹೊಸ ಕಂಬದಲ್ಲಿ ನಮ್ಮ ಯಂತ್ರ ಬಿರುಕು ತೋರಿಸುತ್ತಿದೆ. ಗೇನ್ ತಗ್ಗಿಸಿದರೆ ಬಿರುಕು ಮಾಯ. ಕಂಬ ಒಡೆದು ನೋಡಬೇಕೇ ಎಂದು ಅಲ್ಲಿಯವರು ಕೇಳುತ್ತಿದ್ದಾರೆ. ನಾನು ಮೂರು ದಿನ ಗುಣಕವನ್ನೇ ಅನುಮಾನಿಸಿದೆ. ಸರ್ ನನ್ನ ಬರಹ ತರಿಸಿಕೊಂಡು ಒಂದೇ ಸಾಲಿನ ಮೇಲೆ ಬೆರಳಿಟ್ಟರು. 12 ಬಿಟ್ಟಿನ ಅಳತೆ, 10 ಬಿಟ್ಟಿನ ಗುಣಾಂಕ, ಗುಣಲಬ್ಧ 22 ಬಿಟ್. 32 ಗುಣಲಬ್ಧ ಕೂಡಿದರೆ ಇನ್ನೂ ಐದು ಬಿಟ್ ಬೇಕಾಗಬಹುದು, ಒಟ್ಟು 27. ನಾನು ಮೊತ್ತಕ್ಕೆ ಇಟ್ಟಿದ್ದ ಜಾಗ 24. ಗಟ್ಟಿಯಾದ, ಒಳ್ಳೆಯ ಸಿಗ್ನಲ್ ಬಂದಾಗಲೇ ಮೊತ್ತ ಉಕ್ಕಿ, ಧನ ಸಂಖ್ಯೆ ಒಮ್ಮೆಲೇ ಋಣವಾಗಿ ಮಗುಚುತ್ತಿತ್ತು. ಕಂಬ ಗಟ್ಟಿಯಾಗಿದ್ದಷ್ಟೂ ಬಿರುಕು!

"ಮಗ್ಗಿ ಸರಿ ಇದೆ, ಕೈಯಲ್ಲಿ ಉಳಿದದ್ದನ್ನು ಬರೆಯಲು ಜಾಗ ಬಿಟ್ಟಿಲ್ಲ" ಎಂದರು, ಅಷ್ಟೇ. ಕೋಷ್ಟಕದ ಕಾಲದಲ್ಲಿ ಒಂದೊಂದು ಬಿಟ್ಟಿಗೂ ಚಿಪ್ಪಿನ ಜಾಗ ತೆರಬೇಕಿತ್ತು, ಹಾಗಾಗಿ ಪ್ರತಿ ಮೊತ್ತವೂ ಎಷ್ಟು ಬೆಳೆದೀತೆಂದು ಅವರು ಕಾಗದದ ಮೇಲೆ ಎಣಿಸಿಯೇ ಇರುತ್ತಿದ್ದರು. ನನಗೆ ಗುಣಾಕಾರ ಪುಕ್ಕಟೆ ಸಿಕ್ಕಿತ್ತು, ನಾನು ಎಣಿಸಲಿಲ್ಲ. ವರ್ಟೆಕ್ಸ್-4ರ ಆ 48 ಬಿಟ್ಟನ್ನು ಈಗ ನೋಡಿದರೆ ಅದರ ಹಿಂದೆಯೂ ಯಾರೋ ಇಂಥ ಲೆಕ್ಕಿಗರೇ ಕೂತಿದ್ದರೆನ್ನಿಸುತ್ತದೆ. ಗುಣಲಬ್ಧಕ್ಕೆ 36, ಮೇಲೆ ಉಳಿದದ್ದು 12. ನಾಲ್ಕು ಸಾವಿರ ಸಲ ಕೂಡಿದರೂ ಉಕ್ಕುವುದಿಲ್ಲ.

ಈ ಬ್ಲಾಕುಗಳು ಆಮೇಲೆ ಎಲ್ಲೆಲ್ಲಿಗೆ ಹೋದವು ನೋಡಿ. ಪುಣೆಯ ಉತ್ತರಕ್ಕೆ, ನಾರಾಯಣಗಾಂವದ ಹತ್ತಿರ ಖೋಡದ್‌ನಲ್ಲಿ 45 ಮೀಟರ್ ಅಗಲದ ಮೂವತ್ತು ಬೋಗುಣಿಗಳ ಜಿಎಂಆರ್‌ಟಿ ದೂರದರ್ಶಕವಿದೆ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಅಲ್ಲಿ ಜಾತ್ರೆಯಂಥ ಪ್ರದರ್ಶನ. ಪುಣೆಯಲ್ಲಿರುವವರು ಮಕ್ಕಳನ್ನು ಕರೆದುಕೊಂಡು ಹೋಗಿ. ನವೀಕರಣವಾದ ಮೇಲೆ ಅಲ್ಲಿ ಆಕಾಶದ ಸಿಗ್ನಲನ್ನು ಮೊದಲು ಹಿಡಿಯುವುದು ಎಫ್‌ಪಿಜಿಎ ಬೋರ್ಡುಗಳೇ. ಇನ್ನು ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಮರುಭೂಮಿಯಲ್ಲಿ ಹರಡಿರುವ ಎಂಡಬ್ಲ್ಯುಎ ದೂರದರ್ಶಕದ ಮಾತು ಬಂದರೆ ನನಗೆ ತವರಿನ ಅಭಿಮಾನ. ಅದರ ಡಿಜಿಟಲ್ ರಿಸೀವರುಗಳನ್ನು ರೂಪಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಸೆಕೆಂಡಿಗೆ 65 ಕೋಟಿಗೂ ಹೆಚ್ಚು ಅಳತೆ ತೆಗೆದು, 1.28 ಮೆಗಾಹರ್ಟ್ಸಿನ 256 ಪಟ್ಟಿಗಳಾಗಿ ಸೀಳಿ, ಅದರಲ್ಲಿ ಬೇಕಾದ 24ನ್ನು ಮಾತ್ರ ಮುಂದೆ ಕಳಿಸುವ ಫಿಲ್ಟರ್ ಎಫ್‌ಪಿಜಿಎ ಒಳಗಿದೆ. ಇಂಥ 16 ರಿಸೀವರುಗಳು ಆ ಬಿಸಿಲಿನಲ್ಲಿ, ತಂಪು ಪೆಟ್ಟಿಗೆಯೊಳಗೆ ಕೂತು, ಗುಣಿಸಿ ಕೂಡುವ ಕೆಲಸಕ್ಕೆ ನಿಂತವು.

ಸರ್ 2009ರಲ್ಲಿ ನಿವೃತ್ತರಾದರು. ಅವರ ಪೆನ್ಸಿಲಿನ ಹಾಳೆಗಳನ್ನು ಕಂಪನಿಯಲ್ಲಿ ಯಾರೂ ಕೇಳಲಿಲ್ಲ. ನಾನೇ ಒಂದು ಕಟ್ಟು ಮನೆಗೆ ತಂದೆ. 2017ರಲ್ಲಿ ಜೈಲಿಂಕ್ಸಿನ ಸಂಶೋಧಕರು ಫಿನ್ ಎಂಬ ಕೆಲಸ ಪ್ರಕಟಿಸಿದರು. ನರಜಾಲದ ಎಲ್ಲ ತೂಕಗಳನ್ನೂ ಒಂದೊಂದೇ ಬಿಟ್ಟಿಗೆ ಇಳಿಸಿ, ಗುಣಕವನ್ನೇ ಬಿಟ್ಟು, ಮತ್ತೆ ಅದೇ ಪುಟ್ಟ ಕೋಷ್ಟಕಗಳಲ್ಲಿ ಚಿತ್ರ ಗುರುತಿಸುವ ಕೆಲಸ. ಓದಿದವನಿಗೆ ತಡೆಯಲಾಗಲಿಲ್ಲ, ರಾತ್ರಿಯೇ ಸರ್‌ಗೆ ಫೋನ್ ಮಾಡಿದೆ. "ಸರ್, ನಿಮ್ಮ ಕೋಷ್ಟಕಗಳು ವಾಪಸ್ ಬಂದವು."

"ಎಷ್ಟು ಬಿಟ್?"

"ಒಂದು."

ನಕ್ಕರು. ಒಂದು ಬಿಟ್ಟಿಗೆ ಯಾವ ಮಗ್ಗಿ ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಮೊತ್ತಕ್ಕೆ ಎಷ್ಟು ಅಗಲ ಇಟ್ಟಿದ್ದಾರೆ, ನೋಡಿದೆಯಾ?"

ನೋಡಿರಲಿಲ್ಲ. ಫೋನ್ ಕಿವಿಗಿಟ್ಟುಕೊಂಡೇ ಲ್ಯಾಪ್‌ಟಾಪ್ ತೆರೆದೆ.