ದೂರಿನಿಂದ ಆದೇಶದವರೆಗೆ: ಚಿತ್ರಹಿಂಸೆ, ಪತ್ರಿಕೆ ಮತ್ತು ಸರ್ಕಾರದ ಹೊಣೆ

ಸರ್ಕಾರದ ಸಿಬ್ಬಂದಿ ನಡೆಸಿದ ಚಿತ್ರಹಿಂಸೆಗೆ ಯಾರು ಉತ್ತರ ಕೊಡಬೇಕು ಎಂಬ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ಬಳ್ಳಾರಿ ಸೀಮೆ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಸೇರಿ ಮದರಾಸು ಪ್ರಾಂತ್ಯದ ಭಾಗವಾಯಿತು. ಆ ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೆ ರೈತರ ಬೆರಳುಗಳನ್ನು ಎರಡು ಕೋಲುಗಳ ನಡುವೆ ಇಟ್ಟು ಹಿಸುಕುವ ಕಿಟ್ಟಿ, ತಲೆಯನ್ನು ಕಾಲಿಗೆ ಬಿಗಿದು ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸುವ ಶಿಕ್ಷೆ ಇವೆಲ್ಲ ರೂಢಿಯಲ್ಲಿದ್ದವು. ಇದು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋದದ್ದರ ಹಿಂದೆ ಒಬ್ಬ ಪತ್ರಕರ್ತನ ದುಡಿಮೆಯಿತ್ತು. ಮದರಾಸಿನಲ್ಲಿ 1844ರಲ್ಲಿ 'ಕ್ರೆಸೆಂಟ್' ಪತ್ರಿಕೆ ಆರಂಭಿಸಿದ ಗಾಜುಲ ಲಕ್ಷ್ಮೀನರಸು ಚೆಟ್ಟಿ, 1852ರಲ್ಲಿ ಮದರಾಸು ನೇಟಿವ್ ಅಸೋಸಿಯೇಷನ್ ಕಟ್ಟಿ ರೈತರ ದೂರುಗಳನ್ನು ಪಾರ್ಲಿಮೆಂಟಿಗೆ ಮುಟ್ಟಿಸಿದರು. 1854ರಲ್ಲಿ ಅಲ್ಲಿ ಚರ್ಚೆಯಾಯಿತು. 1855ರಲ್ಲಿ ವಿಚಾರಣಾ ಆಯೋಗದ ವರದಿ ಬಂತು. ಹಿಂಸೆ ನಡೆದದ್ದು ನಿಜವೆಂದು ಆಯೋಗ ಒಪ್ಪಿತು. ಆದರೆ ತಪ್ಪನ್ನೆಲ್ಲ ಕೆಳಗಿನ ದೇಶೀ ನೌಕರರ ತಲೆಗೆ ಕಟ್ಟಿ, ಕಂದಾಯದ ಹೊರೆ ಹೇರಿದ ಯುರೋಪಿಯನ್ ಅಧಿಕಾರಿಗಳನ್ನು ದೋಷಮುಕ್ತರನ್ನಾಗಿಸಿತು. ಪತ್ರಿಕೆಯ ಕೆಲಸಕ್ಕೆ ಎರಡು ಭಾಗಗಳಿವೆ: ನೊಂದವನ ದೂರನ್ನು ಹೊರಗೆ ತರುವುದು, ಮತ್ತು ಆದೇಶ ಎಲ್ಲಿಂದ ಬಂತೆಂದು ಕೊನೆಯವರೆಗೆ ಬೆನ್ನು ಹತ್ತುವುದು. ಮೊದಲನೆಯದು ಆಗೊಮ್ಮೆ ಈಗೊಮ್ಮೆ ನಡೆದಿದೆ. ಎರಡನೆಯದು ಹೆಚ್ಚುಕಡಿಮೆ ನಡೆದೇ ಇಲ್ಲ. ಹಿಂಸೆ ಮರುಕಳಿಸುತ್ತಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ತುರ್ತುಪರಿಸ್ಥಿತಿಯಲ್ಲಿ ಮೊದಲ ಭಾಗಕ್ಕೇ ತಡೆ ಬಿತ್ತು. ಭೂಗತರಾಗಿದ್ದ ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆಂದು ಬಾಯಿಬಿಡಿಸಲು ಅವರ ತಮ್ಮ ಲಾರೆನ್ಸ್ ಅವರನ್ನು 1976ರ ಮೇ 1ರಂದು ಬೆಂಗಳೂರಿನ ಮನೆಯಿಂದ ಪೊಲೀಸರು ಕರೆದೊಯ್ದು ಹೊಡೆದರು. ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಬರೆದ ಪತ್ರದ ಪ್ರಕಾರ, ಕೆಲವು ದಿನಗಳ ನಂತರ ಅವರನ್ನು ದಾವಣಗೆರೆಗೆ ಸಾಗಿಸಿ, ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಆಗಷ್ಟೇ ಸಿಕ್ಕವರಂತೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕೆಂದು ಬೆದರಿಸಲಾಯಿತು. ಸೆನ್ಸಾರ್‌ನ ಕಾರಣ ಇದು ಪತ್ರಿಕೆಗಳಲ್ಲಿ ಬರುವಂತಿರಲಿಲ್ಲ. ಪತ್ರ ಕೈಯಿಂದ ಕೈಗೆ ಗುಟ್ಟಾಗಿ ಹರಿದಾಡಿತು. ಅದೇ ತಿಂಗಳು ಬಂಧನಕ್ಕೊಳಗಾದ, 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ಅಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. 1977ರಲ್ಲಿ ಷಾ ಆಯೋಗ ನೇಮಕವಾಗಿ ತುರ್ತುಪರಿಸ್ಥಿತಿಯ ಅತಿರೇಕಗಳು ದಾಖಲಾದವು. 1980ರಲ್ಲಿ ಅಧಿಕಾರ ಮತ್ತೆ ಕೈ ಬದಲಾದಾಗ ವರದಿ ಮೂಲೆ ಸೇರಿತು.

ಸೆನ್ಸಾರ್ ತೊಲಗಿದ ಮೇಲೆ ಪರಿಸ್ಥಿತಿ ಸುಧಾರಿಸಬೇಕಿತ್ತು. ಮಲೆಮಹದೇಶ್ವರ ಬೆಟ್ಟದ ಸೀಮೆ ಬೇರೆಯದನ್ನೇ ಹೇಳುತ್ತದೆ. ಕಾಡುಗಳ್ಳ ವೀರಪ್ಪನ್ ಬೇಟೆಗೆ ಇಳಿದ ಕರ್ನಾಟಕ ಮತ್ತು ತಮಿಳುನಾಡು ವಿಶೇಷ ಕಾರ್ಯಪಡೆಗಳು ಕಾಡಂಚಿನ ಹಳ್ಳಿಗರನ್ನು ಹಿಡಿದು ತಂದು ವಿದ್ಯುತ್ ಶಾಕ್ ಕೊಟ್ಟ, ನೇತುಹಾಕಿ ಹೊಡೆದ ದೂರುಗಳ ನಡುವೆ ಬೆಟ್ಟದ 'ವರ್ಕ್‌ಶಾಪ್' ಎಂಬ ಜಾಗದ ಹೆಸರು ಮತ್ತೆ ಮತ್ತೆ ಬರುತ್ತದೆ. ಭಯೋತ್ಪಾದನೆ ತಡೆ ಕಾಯ್ದೆಯಾದ ಟಾಡಾ ಅಡಿಯಲ್ಲಿ ಸೆರೆಯಾದವರಲ್ಲಿ ನೂರಕ್ಕೂ ಹೆಚ್ಚು ಮಂದಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದು 2001ರಲ್ಲಿ ಖುಲಾಸೆಯಾದರು. ಇವರ ಸಂಗತಿ ರಾಜ್ಯದ ಮನೆಮಾತಾದದ್ದು 2000ದ ಜುಲೈನಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾಗಿ, ವೀರಪ್ಪನ್ ಇವರ ಬಿಡುಗಡೆಯ ಬೇಡಿಕೆ ಇಟ್ಟಾಗ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಸಂತ್ರಸ್ತರ ಹೇಳಿಕೆ ಪಡೆಯಿತು. 2004ರ ಅಕ್ಟೋಬರ್‌ನಲ್ಲಿ ವೀರಪ್ಪನ್ ಸತ್ತಾಗ ಕಾರ್ಯಪಡೆಗೆ ಬಹುಮಾನ, ಬಡ್ತಿ ಘೋಷಣೆಯಾದವು. 2007ರ ಜನವರಿಯಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಆ ಹಣ ಬಂದದ್ದು ಪ್ರಜೆಗಳ ತೆರಿಗೆಯಿಂದ. ಹೊಡೆಯಲು ಹೇಳಿದವರಿಂದ ಬಿಡಿಗಾಸೂ ಬರಲಿಲ್ಲ. ಪರಿಹಾರದ ಸುದ್ದಿಯನ್ನೇ ಪ್ರಕರಣದ ಮುಕ್ತಾಯವೆಂದು ಬಗೆದರೆ, ಮೇಲಿನವರನ್ನು ಬಿಟ್ಟುಬಿಟ್ಟ 1855ರ ತಪ್ಪನ್ನೇ ಮತ್ತೆ ಮಾಡಿದಂತೆ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಕ್ರೂರ ಹಂತಕನ ಎದುರು ಜೀವ ಒತ್ತೆಯಿಟ್ಟ ಪೊಲೀಸರನ್ನು ಪ್ರಶ್ನಿಸಿದರೆ ಅವರ ಸ್ಥೈರ್ಯ ಕುಗ್ಗುತ್ತದೆ ಎಂಬುದು ಮೊದಲನೆಯದು. ಪೊಲೀಸರ ಪ್ರಾಣಹಾನಿ ದೊಡ್ಡದು, ಅದನ್ನು ಮರೆಯಬಾರದು. ಆದರೆ ವೀರಪ್ಪನ್‌ನ ಹುಟ್ಟೂರು ಗೋಪಿನಾಥಂನಲ್ಲೇ ನೆಲೆಸಿ, ಔಷಧಾಲಯ ನಡೆಸಿ, ಜನರ ವಿಶ್ವಾಸ ಗಳಿಸಿ ಕೆಲಸ ಮಾಡಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಕೂಡ ಅದೇ ಹಂತಕನ ಎದುರು ನಿಂತವರು. 1991ರಲ್ಲಿ ಹತ್ಯೆಯಾದ ಅವರಿಗೆ ದೇಶ ಕೀರ್ತಿಚಕ್ರ ಕೊಟ್ಟಿತು. ಹಿಂಸೆಯಿಲ್ಲದ ದಾರಿಯೂ ಇತ್ತು ಎಂಬುದಕ್ಕೆ ಅವರೇ ಸಾಕ್ಷಿ. ಪತ್ರಿಕೆ ನ್ಯಾಯಾಲಯವಲ್ಲ, ತೀರ್ಪು ಕೊಡುವುದು ಅದರ ಕೆಲಸವಲ್ಲ ಎಂಬುದು ಎರಡನೆಯದು. ಒಪ್ಪತಕ್ಕ ಮಾತು. ಆದರೆ ಬಂಧಿಸಿದ್ದು ಯಾವಾಗ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ್ದು ಯಾವಾಗ, ವೈದ್ಯರು ಏನು ಬರೆದರು, ಠಾಣೆಯ ಹೊಣೆ ಯಾರದಿತ್ತು ಎಂದು ಕೇಳುವುದು ತೀರ್ಪಲ್ಲ, ವರದಿಗಾರಿಕೆ. 1986ರ ಜುಲೈ ಮತ್ತು ಆಗಸ್ಟ್‌ನಲ್ಲಿ 'ಟೆಲಿಗ್ರಾಫ್', 'ಸ್ಟೇಟ್ಸ್‌ಮನ್', 'ಇಂಡಿಯನ್ ಎಕ್ಸ್‌ಪ್ರೆಸ್' ಪ್ರಕಟಿಸಿದ ಲಾಕಪ್ ಸಾವಿನ ಸುದ್ದಿಗಳನ್ನು ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಸುಪ್ರೀಂ ಕೋರ್ಟಿಗೆ ಬರೆದ ಪತ್ರದೊಡನೆ ಕಳಿಸಿದರು. ಕೋರ್ಟು ಅದನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿ 1996ರ ಡಿಸೆಂಬರ್‌ನಲ್ಲಿ ಬಂಧನದ ನಿಯಮಗಳನ್ನು ವಿಧಿಸಿತು. ವರದಿಗಾರರು ತೀರ್ಪು ಕೊಡಲಿಲ್ಲ. ತೀರ್ಪು ಕೊಡಬೇಕಾದವರ ಮೇಜಿನ ಮೇಲೆ ಪುರಾವೆ ಇಟ್ಟರು.

ಭಾರತ 1997ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸಾ ವಿರೋಧಿ ಒಡಂಬಡಿಕೆಗೆ ಸಹಿ ಹಾಕಿದೆ, ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ಕಾನೂನಾಗದೆ ಬಿದ್ದುಹೋಯಿತು. ಕಾನೂನು ಬರುವವರೆಗೆ ಸುಮ್ಮನಿರುವ ಹಕ್ಕು ಪತ್ರಿಕೆಗಳಿಗಿಲ್ಲ. ಪೊಲೀಸ್ ಪ್ರಕಟಣೆಯ ಪಕ್ಕದಲ್ಲೇ ಸಂತ್ರಸ್ತರ ಹೇಳಿಕೆಗೂ ಜಾಗ ಸಿಗಬೇಕು. ಪರಿಹಾರ ಸಿಕ್ಕ ಮೇಲೂ ಆದೇಶ ಕೊಟ್ಟವರು ಯಾರೆಂದು ಕೇಳುತ್ತಲೇ ಇರಬೇಕು. ಓದುಗರೂ ತಮ್ಮ ಪತ್ರಿಕೆಯಿಂದ ಅದನ್ನು ಒತ್ತಾಯಿಸಿ ಪಡೆಯಬೇಕು.